ಪ್ರಿಂಟ್ ಆಯ್ತು ಸರಿ, ನೂಲುತ್ತಾ?

ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡವರು ಈಗ ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಮೊದಲ ತಿಂಗಳು ಮೊಬೈಲ್ ಸ್ಟ್ಯಾಂಡು, ಗಣಪತಿ, ಕೀ ಚೈನು. ಆಮೇಲೆ ಏನಾದರೂ ಅರ್ಥವಿರುವಂಥದ್ದು ಮಾಡಬೇಕು ಅನ್ನಿಸೋಕೆ ಶುರುವಾಗುತ್ತೆ. ಆಗ ಕೆಲವರು ಹೋಗಿ ಸೇರುವ ಒಂದು ಓಣಿ ಇದೆ. ಹಳೇ ಕಾಲದ ನೂಲುವ, ನೇಯುವ, ಹೆಣೆಯುವ ಸಾಮಾನುಗಳನ್ನು ಪ್ಲಾಸ್ಟಿಕ್ಕಿನಲ್ಲೋ ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್ಡಿನಲ್ಲೋ ಮತ್ತೆ ಮಾಡಿ ನೋಡುವ ಓಣಿ. ವೈಕಿಂಗರ ಕದಿರಿನ ಬಿಲ್ಲೆ, ಪಟ್ಟಿ ನೇಯುವ ಕಾರ್ಡು, ರೋಮನ್ನರ ಕಂಚಿನ ಗೋಳ. ಫೈಲು ಪುಕ್ಕಟೆ ಸಿಗುತ್ತೆ. ಎರಡು ಮೂರು ಗಂಟೆಯಲ್ಲಿ ಸಾಮಾನು ಕೈಗೆ ಬರುತ್ತೆ.

ನನಗೂ ಈ ಓಣಿ ಇಷ್ಟ. ಆದರೆ ಇಲ್ಲಿ ಒಂದು ಕೊರತೆ ಕಾಣ್ತಾ ಇದೆ. ಸಿನಿಮಾ ಬಂದರೆ ವಿಮರ್ಶೆ ಬರೀತೀವಿ, ಕಾದಂಬರಿಗೆ ಬರೀತೀವಿ. ಈ ಮರುಸೃಷ್ಟಿಗಳಿಗೆ ಮಾತ್ರ 'ವಾಹ್, ಸೂಪರ್' ಅಂದು ಮುಂದೆ ಹೋಗ್ತೀವಿ. ಹಾಗೆ ಬಿಡೋ ವಿಷಯ ಅಲ್ಲ ಇದು. 'ಹಿಂದಿನವರು ಹೀಗೆ ಕೆಲಸ ಮಾಡ್ತಿದ್ದರು' ಅನ್ನುವ ಮಾತು ಈ ಒಂದೊಂದು ವಸ್ತುವಿನ ಜೊತೆಗೂ ಅಂಟಿಕೊಂಡೇ ಬರುತ್ತೆ. ಆ ಮಾತು ನಿಜವೋ ಅಲ್ಲವೋ ಅಂತ ಕೇಳಲೇಬೇಕು. ಆಕಾರ ನಕಲಾಯ್ತು, ಕೆಲಸವೂ ನಕಲಾಯ್ತಾ? ಈ ಪ್ರಶ್ನೆ ಇಟ್ಟುಕೊಂಡು ಮೂರು ವಸ್ತುಗಳನ್ನು ನೋಡೋಣ.

ಮೊದಲನೆಯದು ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು, ರೋಮನ್ ಡೋಡೆಕಾಹೆಡ್ರನ್. ಹೆಸರು ದೊಡ್ಡದು, ವಸ್ತು ಅಂಗೈಯಲ್ಲಿ ಕೂರುವಂಥದ್ದು. ಸುಮಾರು 4ರಿಂದ 11 ಸೆಂಟಿಮೀಟರ್ ಅಳತೆ. ಕಂಚಿನಂಥ ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದದ್ದು, ಒಳಗೆ ಟೊಳ್ಳು. ಹನ್ನೆರಡು ಮುಖ, ಒಂದೊಂದು ಮುಖಕ್ಕೂ ಐದು ಮೂಲೆ, ನಡುವೆ ಒಂದು ದುಂಡು ತೂತು. ತೂತುಗಳ ಅಳತೆ ಒಂದಕ್ಕಿಂತ ಒಂದು ಬೇರೆ. ಮೂಲೆ ಮೂಲೆಗೂ ಒಂದು ಪುಟ್ಟ ಗುಂಡು, ಒಟ್ಟು 20. ಮೊದಲು ಬೆಳಕಿಗೆ ಬಂದಿದ್ದು 1739ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಸಿಕ್ಕಿವೆ. ಲಿಂಕನ್‌ಶೈರಿನ ನಾರ್ಟನ್ ಡಿಸ್ನಿ ಎಂಬ ಹಳ್ಳಿಯಲ್ಲಿ 2023ರಲ್ಲಿ ಹವ್ಯಾಸಿ ತಂಡವೊಂದು ಅಗೆದಾಗಲೂ ಒಂದು ಚೆಂದದ ಗೋಳ ಸಿಕ್ಕಿತು. ಸಿಕ್ಕಿದ್ದೆಲ್ಲ ಬ್ರಿಟನ್, ಫ್ರಾನ್ಸ್, ಜರ್ಮನಿ ಹೀಗೆ ರೋಮನ್ ಸಾಮ್ರಾಜ್ಯದ ವಾಯವ್ಯ ಭಾಗದಲ್ಲಿ. ಇಟಲಿಯಲ್ಲಿ ಇಲ್ಲ. ಆ ಕಾಲದ ಯಾವ ಬರಹದಲ್ಲೂ ಚಿತ್ರದಲ್ಲೂ ಇದರ ಸುದ್ದಿ ಇಲ್ಲ. ಯಾಕೆ ಮಾಡಿದರು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ.

ಸುಮಾರು ಹತ್ತು ವರ್ಷಗಳ ಹಿಂದೆ ಈ ಗೋಳದ ಪ್ರಿಂಟ್ ಮಾಡಿದ ನಕಲೊಂದನ್ನು ಹಿಡಿದು, ಅದರ ಗುಂಡುಗಳಿಗೆ ಉಣ್ಣೆ ದಾರ ಸುತ್ತಿ, ಕೈಗವಸಿನ ಬೆರಳುಗಳನ್ನು ಹೆಣೆದು ತೋರಿಸುವ ವಿಡಿಯೋ ಬಂತು. ನೋಡೋಕೆ ತುಂಬಾ ಚೆನ್ನಾಗಿದೆ. ಐದು ಗೂಟಕ್ಕೆ ದಾರ ಸುತ್ತಿ, ಹಳೇ ಸುತ್ತನ್ನು ಹೊಸ ಸುತ್ತಿನ ಮೇಲೆ ದಾಟಿಸುತ್ತಾ ಹೋದರೆ ತೂತಿನೊಳಗಿಂದ ಒಂದು ಕೊಳವೆ ಇಳಿದು ಬರುತ್ತೆ. ತೂತುಗಳು ಬೇರೆ ಬೇರೆ ಅಳತೆ, ಬೆರಳುಗಳೂ ಬೇರೆ ಬೇರೆ ಅಳತೆ. ಚಳಿ ದೇಶದಲ್ಲಿ ಮಾತ್ರ ಸಿಗುತ್ತೆ, ಚಳಿಗೆ ಕೈಗವಸು ಬೇಕು. ಲೆಕ್ಕ ಮುಗೀತು! 'ಮುನ್ನೂರು ವರ್ಷ ಪಂಡಿತರಿಗೆ ಬಿಡಿಸಲಾಗದ ಒಗಟನ್ನು ಹೆಣಿಗೆ ಬಲ್ಲ ಅಜ್ಜಿಯರು ಬಿಡಿಸಿದರು' ಎಂಬ ಕಥೆ ಅಂದಿನಿಂದ ಊರೂರು ಸುತ್ತುತ್ತಿದೆ.

ಈ ಕಥೆ ನಿಜವಾಗಿರಲಿ ಅಂತ ನನಗೂ ಆಸೆ. ಕೈಕೆಲಸ ಬಲ್ಲ ಹೆಂಗಸರ ಮಾತನ್ನು ಓದಿದವರು ಕೇಳಿಸಿಕೊಳ್ಳಲ್ಲ ಅನ್ನೋದು ಹೊಸ ದೂರೇನಲ್ಲ. ಆದರೆ ಆಸೆ ಬೇರೆ, ಸಾಕ್ಷಿ ಬೇರೆ. ನಾನು ಈ ಗೋಳವನ್ನು ಪ್ರಿಂಟ್ ಮಾಡಿ ಬೇರೆ ಬೇರೆ ಮುಖದ ಮೇಲೆ ಒಂದೇ ದಾರದಿಂದ ಕೊಳವೆ ಹೆಣೆದು ನೋಡಿದೆ. ಪ್ರೋಗ್ರಾಮ್ ಬರೆಯುವವರಿಗೆ ಮೊದಲು ಕಣ್ಣಿಗೆ ಬೀಳೋದು, ಯಾವ ಅಂಶ ಬದಲಾದರೆ ಫಲಿತಾಂಶ ಬದಲಾಗುತ್ತೆ ಅನ್ನೋದು. ಕೊಳವೆ ಎಷ್ಟು ದಪ್ಪ ಬರುತ್ತೆ ಎಂಬುದನ್ನು ತೀರ್ಮಾನಿಸುವುದು ಗೂಟಗಳು ಎಷ್ಟಿವೆ, ಅವುಗಳ ನಡುವೆ ದೂರ ಎಷ್ಟಿದೆ, ದಾರ ಎಷ್ಟು ದಪ್ಪವಿದೆ ಎಂಬುದು. ತೂತಲ್ಲ. ತೂತು ಬರೀ ಹೊರಗೆ ಹೋಗೋ ದಾರಿ. ಡೋಡೆಕಾಹೆಡ್ರನ್ನಿನ ಯಾವ ಮುಖ ತಗೊಂಡರೂ ಸುತ್ತ ಇರೋದು ಐದೇ ಗುಂಡು, ಗುಂಡಿನಿಂದ ಗುಂಡಿಗೆ ದೂರವೂ ಒಂದೇ. ಹಾಗಾಗಿ ದೊಡ್ಡ ತೂತಿನ ಮುಖದಲ್ಲಿ ಹೆಣೆದರೂ ಸಣ್ಣ ತೂತಿನ ಮುಖದಲ್ಲಿ ಹೆಣೆದರೂ ಕೊಳವೆ ಒಂದೇ ಅಳತೆ. ಹೆಬ್ಬೆರಳಿಗೂ ಕಿರುಬೆರಳಿಗೂ ವ್ಯತ್ಯಾಸ ಬರಲ್ಲ. ಅಂದರೆ ಗೋಳದ ಎದ್ದು ಕಾಣುವ ಲಕ್ಷಣ ಯಾವುದೋ, ಆ ಬೇರೆ ಬೇರೆ ತೂತುಗಳಿಗೆ, ಈ ಸಿದ್ಧಾಂತದಲ್ಲಿ ಕೆಲಸವೇ ಇಲ್ಲ.

ಇನ್ನೂ ಕೇಳಬಹುದು. ಬೆರಳು ಬಂತು, ಅಂಗೈ ಹೇಗೆ ಬಂತು? ಐದು ಗೂಟದಲ್ಲಿ ಅಂಗೈ ಹೆಣೆಯೋಕಾಗಲ್ಲ. ಒಂದು ಮರದ ತುಂಡಿಗೆ ಐದು ಮೊಳೆ ಹೊಡೆದರೆ ಆಗುವ ಕೆಲಸಕ್ಕೆ, ಮೇಣದ ಅಚ್ಚು ಮಾಡಿ, ದುಬಾರಿ ಲೋಹ ಕರಗಿಸಿ, ಒಳಗೆ ಟೊಳ್ಳು ಬರುವಂತೆ ಎರಕ ಹೊಯ್ಯುವ ಕಷ್ಟ ಯಾರಿಗೆ ಬೇಕಿತ್ತು? ದಾರ ವರ್ಷಗಟ್ಟಲೆ ಉಜ್ಜಿದರೆ ಲೋಹವೂ ನುಣುಪಾಗುತ್ತೆ, ಬಾವಿಯ ಹಗ್ಗ ಕಲ್ಲನ್ನೇ ಸವೆಸಿರೋದನ್ನು ನೋಡಿದವರು ನಾವು. ಈ ಗೋಳಗಳಲ್ಲಿ ಅಂಥ ಸವೆತ ಕಾಣಲ್ಲ ಅಂತ ಅಗೆದವರು ಹೇಳ್ತಾರೆ. ಕೆಲವು ಗೋಳಗಳಂತೂ ನಾಣ್ಯಗಳ ಗಂಟಿನ ಜೊತೆ ಸಿಕ್ಕಿವೆ. ಬೆಲೆಬಾಳುವ ವಸ್ತು ಅಂತ ಎತ್ತಿಟ್ಟಿದ್ದರು ಅನ್ನೋದಕ್ಕೆ ಅದು ಸೂಚನೆ.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಲದ್ದು. ಗೋಳಗಳು ಸುಮಾರು 2ರಿಂದ 4ನೇ ಶತಮಾನದವು. ಆಗ ಹೆಣಿಗೆ ಇತ್ತು ಅನ್ನೋದಕ್ಕೇ ಆಧಾರವಿಲ್ಲ. ಈಜಿಪ್ಟಿನಲ್ಲಿ ಸಿಕ್ಕ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಕೆಂಪು ಕಾಲುಚೀಲಗಳು 3ರಿಂದ 5ನೇ ಶತಮಾನದವು. ನೋಡಿದರೆ ಹೆಣೆದ ಹಾಗೇ ಕಾಣುತ್ತವೆ, ಆದರೆ ಅವು ಒಂದೇ ಸೂಜಿಯಲ್ಲಿ ಕುಣಿಕೆ ಹಾಕಿ ಹೊಲಿದಂತೆ ಮಾಡುವ ನಾಲ್‌ಬೈಂಡಿಂಗ್ ಎಂಬ ಬೇರೆಯೇ ವಿದ್ಯೆ. ನಿಜವಾದ ಹೆಣಿಗೆಯ ಅತಿ ಹಳೆಯ ತುಂಡುಗಳು ಸಿಗೋದು ಅದಕ್ಕೆ ನೂರಾರು ವರ್ಷ ಆದಮೇಲೆ, ಮತ್ತೆ ಈಜಿಪ್ಟಿನಲ್ಲೇ. ಚಳಿಯ ಬ್ರಿಟನ್ನಿನಲ್ಲಿ ರೋಮನ್ ಸೈನಿಕರು ಏನು ಹಾಕಿಕೊಳ್ತಿದ್ದರು ಅನ್ನೋದಕ್ಕೆ ವಿಂಡೊಲಾಂಡ ಕೋಟೆಯಲ್ಲಿ ಸಿಕ್ಕ ಮರದ ಹಾಳೆಯ ಪತ್ರಗಳಿವೆ. ಒಂದು ಪತ್ರದಲ್ಲಿ ಕಾಲುಚೀಲ, ಒಳಚಡ್ಡಿ ಕಳಿಸಿದ ವಿಷಯವೂ ಇದೆ. ಒಳಚಡ್ಡಿಯನ್ನೂ ಬಿಡದೆ ಬರೆದವರು ಈ ಗೋಳದ ಬಗ್ಗೆ ಒಂದು ಅಕ್ಷರ ಬರೆದಿಲ್ಲ.

ನಮ್ಮ ಹಳ್ಳಿಗಳಲ್ಲಿ ಇಸ್ತ್ರಿ ಪೆಟ್ಟಿಗೆ ಇಲ್ಲದ ಮನೆಯವರು ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಅಂಗಿ ಉಜ್ಜುತ್ತಿದ್ದರು. ಅಂಗಿ ಗರಿಗರಿ ಆಗುತ್ತಿತ್ತು. ಇನ್ನು ಎರಡು ಸಾವಿರ ವರ್ಷ ಬಿಟ್ಟು ಯಾರೋ ಚೊಂಬನ್ನು ಅಗೆದು, ಪ್ರಿಂಟ್ ಮಾಡಿ, ಅಂಗಿ ಉಜ್ಜಿ ನೋಡಿ, 'ಚೊಂಬು ಅಂದರೆ ಇಸ್ತ್ರಿ ಪೆಟ್ಟಿಗೆ' ಅಂತ ತೀರ್ಪು ಕೊಟ್ಟರೆ ಹೇಗಿರುತ್ತೆ? ಪ್ರಯೋಗದಲ್ಲಿ ತಪ್ಪಿಲ್ಲ, ಅಂಗಿಯೂ ಚೆನ್ನಾಗಿ ಬಂತು. ತೀರ್ಪು ಮಾತ್ರ ತಪ್ಪು. 'ಇದರಿಂದ ಮಾಡಬಹುದು' ಅನ್ನೋದು 'ಇದಕ್ಕಾಗಿಯೇ ಮಾಡಿದ್ದರು' ಅಂತ ಆಗಲ್ಲ. ಪ್ರಿಂಟರ್ ಮೊದಲನೆಯದನ್ನು ಎಷ್ಟು ಸುಲಭ ಮಾಡಿದೆ ಅಂದರೆ, ಎರಡನೆಯದೂ ಅಷ್ಟೇ ಸುಲಭ ಅಂತ ನಾವು ನಂಬ್ತಾ ಇದೀವಿ.

ಎರಡನೆಯ ವಸ್ತುವಿಗೆ ಬರೋಣ. ಇಲ್ಲಿ ನನ್ನ ಹತ್ತಿರ ಹೊಗಳಿಕೆ ಬಿಟ್ಟು ಬೇರೇನಿಲ್ಲ. ನಾರ್ವೆಯ ಓಸೆಬರ್ಗ್ ಎಂಬಲ್ಲಿ 1904ರಲ್ಲಿ ಒಂದು ವೈಕಿಂಗ್ ಹಡಗನ್ನು ಅಗೆದು ತೆಗೆದರು. ಕ್ರಿ.ಶ. 834ರಲ್ಲಿ ಇಬ್ಬರು ಹೆಂಗಸರ ಶವಗಳ ಜೊತೆ ಹೂತಿದ್ದ ಹಡಗು. ಅದರೊಳಗೆ ಎಷ್ಟೋ ನೇಯ್ಗೆ ಸಾಮಾನುಗಳ ನಡುವೆ ಮರದ 52 ಪುಟ್ಟ ಹಲಗೆಗಳಿದ್ದವು. ಅವುಗಳ ತೂತಿನಲ್ಲಿ ಅರ್ಧ ನೇಯ್ದ ಪಟ್ಟಿಯ ಹಾಸಿನ ನೂಲು ಇನ್ನೂ ಹಾಗೇ ಪೋಣಿಸಿಕೊಂಡಿತ್ತು. ಈ ವಸ್ತು ಏನು ಅಂತ ಯಾರೂ ಊಹೆ ಮಾಡಬೇಕಾಗಿಲ್ಲ, ಕೆಲಸ ಮಾಡುತ್ತಾ ಮಾಡುತ್ತಾ ನಿಂತ ಸ್ಥಿತಿಯಲ್ಲೇ ಸಿಕ್ಕಿದೆ.

ಕಾರ್ಡ್ ನೇಯ್ಗೆಯ ಲೆಕ್ಕ ಸರಳ. ಚೌಕದ ಕಾರ್ಡು, ನಾಲ್ಕು ಮೂಲೆಗೆ ನಾಲ್ಕು ತೂತು, ತೂತಿಗೊಂದು ಹಾಸಿನ ಎಳೆ. ಇಂಥ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಒಟ್ಟಿಗೆ ಕಾಲು ಸುತ್ತು ತಿರುಗಿಸಿದರೆ ಮೇಲಿನ ಎಳೆ ಕೆಳಗೆ ಹೋಗಿ, ಕೆಳಗಿನದು ಮೇಲೆ ಬಂದು, ನಡುವೆ ಬಾಯಿ ತೆರೆಯುತ್ತೆ. ಅದರಲ್ಲಿ ಹೊಕ್ಕಿನ ನೂಲು ದಾಟಿಸೋದು, ಮತ್ತೆ ತಿರುಗಿಸೋದು. ಯಾವ ಕಾರ್ಡನ್ನು ಮುಂದಕ್ಕೆ, ಯಾವುದನ್ನು ಹಿಂದಕ್ಕೆ ತಿರುಗಿಸ್ತೀರಿ ಅನ್ನೋದರ ಮೇಲೆ ಚಿತ್ತಾರ ಬದಲಾಗುತ್ತೆ. ಇಲ್ಲಿ ಆಕಾರವೇ ಕೆಲಸ. ತೂಕ ಅಷ್ಟು ಮುಖ್ಯವಲ್ಲ, ತೂತಿನ ಜಾಗ ಸರಿಯಿದ್ದು ಅಂಚು ನುಣುಪಾಗಿದ್ದರೆ ಸಾಕು. ಆದ್ದರಿಂದ ಲೇಸರಿನಲ್ಲಿ ಕತ್ತರಿಸಿ ಮರಳು ಕಾಗದದಲ್ಲಿ ಉಜ್ಜಿದ ತೆಳು ಪ್ಲೈವುಡ್ ಕಾರ್ಡು ಚೆನ್ನಾಗಿಯೇ ನೇಯುತ್ತೆ. ತ್ರೀಡಿ ಪ್ರಿಂಟಿನ ಕಾರ್ಡಿಗೆ ಒಂದು ದೋಷವಿದೆ, ಪದರ ಪದರದ ಗೆರೆ ತೂತಿನ ಒಳಗೂ ಇರುತ್ತೆ, ಅದು ನೂಲನ್ನು ಕೆರೆದು ಜುಂಜು ಎಬ್ಬಿಸುತ್ತೆ. ಇನ್ನು ಹತ್ತು ರೂಪಾಯಿ ಖರ್ಚಿನ ದಾರಿ ಬೇಕಾ? ಹಳೇ ಇಸ್ಪೀಟು ಕಟ್ಟು ತಗೊಂಡು ನಾಲ್ಕು ಮೂಲೆಗೆ ಪಂಚ್ ಹೊಡೀರಿ. ಕಾಕತಾಳೀಯವಾಗಿ ಅದರಲ್ಲೂ 52 ಎಲೆ! ಇದೂ ಓಸೆಬರ್ಗಿನ ನಿಜವಾದ ನಕಲೇ, ಯಾಕಂದರೆ ನಕಲಾಗಬೇಕಾದ್ದು ಇಲ್ಲಿ ಪೂರ್ತಿ ನಕಲಾಗಿದೆ.

ಮೂರನೆಯದು ಕದಿರಿನ ಬಿಲ್ಲೆ. ಕಡ್ಡಿಯ ತುದಿಗೆ ಸಿಕ್ಕಿಸುವ ದುಂಡು ಭಾರ, ನಮ್ಮ ತಕಲಿಯ ಹಿತ್ತಾಳೆ ಬಿಲ್ಲೆ ಇದೆಯಲ್ಲ, ಅದರದೇ ಸೋದರ. ಪ್ರಪಂಚದ ಯಾವ ಮೂಲೆಯಲ್ಲಿ ಅಗೆದರೂ ಇದು ಸಿಗುತ್ತೆ. ಮಣ್ಣು, ಕಲ್ಲು, ಮೂಳೆ, ಸೀಸ, ಒಡೆದ ಮಡಕೆಯ ಬೋಕಿ, ಯಾವುದರಲ್ಲಿ ಬೇಕಾದರೂ ಮಾಡಿದ್ದಾರೆ. ಮ್ಯೂಸಿಯಂ ಬಿಲ್ಲೆಗಳ ಫೈಲುಗಳೂ ಬೇಕಾದಷ್ಟಿವೆ. ಬಹುಪಾಲು ಜನ ಎಡವುವುದು ಇಲ್ಲೇ.

ಒಂದು ಲೆಕ್ಕ ಹಾಕೋಣ. 40 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪ, ನಡುವೆ 8 ಮಿಲಿಮೀಟರ್ ತೂತು ಇರುವ ಬಿಲ್ಲೆ. ಅದರ ಗಾತ್ರ ಸುಮಾರು 12 ಘನ ಸೆಂಟಿಮೀಟರ್. ಸುಟ್ಟ ಮಣ್ಣಿನಲ್ಲಿ ಮಾಡಿದರೆ ಹತ್ತಿರ ಹತ್ತಿರ 23 ಗ್ರಾಂ ತೂಗುತ್ತೆ. ಪಿಎಲ್ಎ ಪ್ಲಾಸ್ಟಿಕ್ಕಿನ ಸಾಂದ್ರತೆ 1.24, ಒಳಗೆ ಪೂರ್ತಿ ತುಂಬಿ ಪ್ರಿಂಟ್ ಮಾಡಿದರೆ 15 ಗ್ರಾಂ. ಎಲ್ಲರೂ ಮಾಡುವ ಹಾಗೆ ಒಳಗೆ ನೂರಕ್ಕೆ 20 ಭಾಗ ಮಾತ್ರ ತುಂಬಿದರೆ ಅದರ ಅರ್ಧದ ಸುತ್ತಮುತ್ತ ಬಂದು ನಿಲ್ಲುತ್ತೆ. ಅದೇ ಆಕಾರ ಸೀಸದಲ್ಲಿ 136 ಗ್ರಾಂ. ನಾಲ್ಕೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದರೆ ಅಣ್ಣತಮ್ಮಂದಿರು. ಕೈಯಲ್ಲಿ ಹಿಡಿದರೆ ಒಂದಕ್ಕೊಂದು ಸಂಬಂಧವಿಲ್ಲ.

ಸರಿ, ತೂಕ ಕಮ್ಮಿಯಾದರೆ ಬಿಲ್ಲೆ ಸ್ವಲ್ಪ ದೊಡ್ಡದು ಮಾಡೋಣ ಅಂತೀರಾ? 23 ಗ್ರಾಂ ಬರಬೇಕಾದರೆ ಅಗಲ 40ರಿಂದ 49 ಮಿಲಿಮೀಟರಿಗೆ ಹೋಗಬೇಕು. ತೂಕ ಸರಿಹೋಯ್ತು. ಆದರೆ ತಿರುಗುವ ವಸ್ತುವಿನ ಜಡತ್ವ ತೂಕದ ಮೇಲೆ ಮಾತ್ರ ನಿಂತಿಲ್ಲ, ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಅನ್ನೋದರ ವರ್ಗದ ಮೇಲೂ ನಿಂತಿದೆ. ಹಾಗಾಗಿ ಜಡತ್ವ ಸುಮಾರು ಒಂದೂವರೆ ಪಟ್ಟು ಆಯ್ತು. ಬೆರಳಲ್ಲಿ ಅಷ್ಟೇ ಬಲ ಹಾಕಿ ತಿರುಗಿಸಿದರೆ ಇದು ನಿಧಾನಕ್ಕೆ, ಹೆಚ್ಚು ಹೊತ್ತು ತಿರುಗುತ್ತೆ. ನೂಲಿನ ಹುರಿ ಬೇರೆ ಥರ ಬೀಳುತ್ತೆ. ಇದು ಈಗ ಇನ್ನೊಂದು ಕದಿರು.

ನಮ್ಮ ದೊಡ್ಡಮ್ಮ ಅರವತ್ತರ ದಶಕದಲ್ಲಿ ಶಾಲೆಯಲ್ಲಿ ತಕಲಿ ಕಲಿತವರು. ಮನೆಯಲ್ಲಿ ಕುರಿ ಇದ್ದದ್ದರಿಂದ ಉಣ್ಣೆ ನೂಲೋದೂ ಬರುತ್ತೆ. ಊರಿಗೆ ಹೋದಾಗ ಟೊಳ್ಳು ಬಿಲ್ಲೆಯನ್ನೂ ಗಟ್ಟಿ ಬಿಲ್ಲೆಯನ್ನೂ ಕಡ್ಡಿಗೆ ಸಿಕ್ಕಿಸಿ, ಏನೂ ಹೇಳದೆ ಅವರ ಕೈಗೆ ಕೊಟ್ಟೆ. ಟೊಳ್ಳಿನದು ನಾಲ್ಕು ಸುತ್ತು ತಿರುಗಿ ನಿಂತು, ವಾಪಸ್ ತಿರುಗೋಕೆ ಶುರು ಮಾಡಿತು. ಕೊಟ್ಟ ಹುರಿಯೆಲ್ಲ ಬಿಚ್ಚಿಕೊಂಡು ಎಳೆ ಕಳಚಿ ಬಿತ್ತು.

'ಇದ್ಕೆ ತೂಕ್ವೇ ಇಲ್ವಲ್ಲಪ್ಪಾ. ಏನ್ ಗಾಳೀನಾ ನೂಲ್ಬೇಕು?' ಅಂದರು.

ಗಟ್ಟಿ ಬಿಲ್ಲೆಯದು ಪರವಾಗಿಲ್ಲ ಅನ್ನಿಸಿತು ಅವರಿಗೆ. ಆದರೂ ಹಿತ್ತಲಿಗೆ ಹೋಗಿ ಒಂದು ಉಂಡೆ ಜೇಡಿಮಣ್ಣು ತಂದು ಬಿಲ್ಲೆಯ ಕೆಳಗೆ ಮೆತ್ತಿ, ತಿರುಗಿಸಿ ನೋಡಿ, ಸ್ವಲ್ಪ ಕಿತ್ತು, ಮತ್ತೆ ತಿರುಗಿಸಿದರು. ಮೂರನೇ ಸಲಕ್ಕೆ ಉಣ್ಣೆ ಎಳೆ ಒಂದೇ ಸಮ ಇಳಿಯಿತು. 'ಹತ್ತಿ ಆದ್ರೆ ಇಷ್ಟು ಭಾರ ತಡ್ಯಲ್ಲ, ಹಂಜಿ ಹರ್ದೋಗ್ತದೆ' ಅಂತಲೂ ಸೇರಿಸಿದರು. ಹತ್ತಿಯ ನಾರು ಗಿಡ್ಡ, ಅದಕ್ಕೆ ಹಗುರ ಕದಿರು, ಜೋರು ತಿರುಗು, ಹೆಚ್ಚು ಹುರಿ ಬೇಕು. ಉಣ್ಣೆಯ ನಾರು ಉದ್ದ, ಭಾರ ತಡೆಯುತ್ತೆ. ನಾನು ಲೆಕ್ಕದಲ್ಲಿ ಹೇಳಿದ್ದೆಲ್ಲ ಅವರ ಬೆರಳಿಗೆ ಮೊದಲೇ ಗೊತ್ತಿತ್ತು. ಯಾವ ಫೈಲಿನಲ್ಲೂ ಇಲ್ಲದ್ದು ಇದೇ. ಬಿಲ್ಲೆ ಎಷ್ಟು ತೂಗಬೇಕು ಅನ್ನೋದನ್ನು ಎಳೆ ಹೇಳುತ್ತೆ, ಎಳೆ ಹೇಗಿರಬೇಕು ಅನ್ನೋದನ್ನು ನಾರು ಹೇಳುತ್ತೆ. ನಾರಿನ ಹೆಸರಿಲ್ಲದ ಬಿಲ್ಲೆಯ ಫೈಲು ಅರ್ಧ ಫೈಲು.

ಹಾಗಾದರೆ ಸರಿಯಾಗಿ ಮಾಡೋದು ಹೇಗೆ? ಮಾಡಿದವರಿದ್ದಾರೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಶುರುವಾದ ಜವಳಿ ಸಂಶೋಧನಾ ಕೇಂದ್ರ ಕಂಚಿನ ಯುಗದ ಕದಿರು ಬಿಲ್ಲೆ, ಮಗ್ಗದ ಗುಂಡುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿತು. ಅವರು ಹಾಕಿಕೊಂಡ ನಿಯಮಗಳನ್ನು ನೋಡಿ. ಸಾಧನ ಅಗೆದು ತೆಗೆದ ವಸ್ತುವಿನ ನಿಖರ ನಕಲಾಗಿರಬೇಕು. ಉಣ್ಣೆ, ನಾರಗಸೆಯ ನಾರು ಆ ಕಾಲಕ್ಕೆ ಹೊಂದುವಂಥದ್ದೇ ಆಗಬೇಕು. ಪ್ರತಿ ಪ್ರಯೋಗವನ್ನೂ ಕನಿಷ್ಠ ಇಬ್ಬರು ನುರಿತ ಕಸುಬಿನವರು ಬೇರೆ ಬೇರೆಯಾಗಿ ಮಾಡಬೇಕು. ಮೊದಲು ಅಭ್ಯಾಸಕ್ಕೆ ಸಮಯ ಕೊಡಬೇಕು. ಎಲ್ಲ ಬರೆದಿಡಬೇಕು. ಕೊನೆಗೆ ಬಂದ ನೂಲನ್ನು, ಬಟ್ಟೆಯನ್ನು ಹೊರಗಿನ ತಜ್ಞರಿಗೆ ಕೊಟ್ಟು ಪರೀಕ್ಷೆ ಮಾಡಿಸಬೇಕು. ಬಿಲ್ಲೆ ಹಗುರಾದಷ್ಟೂ ಎಳೆ ಸಣ್ಣಗೆ ಬರುತ್ತೆ, ಮೀಟರಿಗೆ ಕಮ್ಮಿ ನಾರು ಸಾಕು ಅನ್ನೋದನ್ನು ಅವರು ಅಳತೆ ಸಮೇತ ತೋರಿಸಿದರು. ಮಗ್ಗದ ಗುಂಡಿನ ತೂಕವಷ್ಟೇ ಅಲ್ಲ, ಅದರ ದಪ್ಪವೂ ಬಟ್ಟೆ ಎಷ್ಟು ಒತ್ತಾಗಿ ಬರುತ್ತೆ ಎಂಬುದನ್ನು ತೀರ್ಮಾನಿಸುತ್ತೆ ಅಂತಲೂ ಹೇಳಿದರು.

'ಇಬ್ಬರು' ಅನ್ನುವ ನಿಯಮ ನನಗೆ ತುಂಬಾ ಹಿಡಿಸಿತು. ಒಬ್ಬರೇ ನೂತರೆ ನೂಲಿನ ಗುಣ ಬಿಲ್ಲೆಯದೋ ಅವರ ಕೈಯದೋ ಗೊತ್ತಾಗಲ್ಲ. ಇಬ್ಬರು ನೂತಾಗ ಇಬ್ಬರಲ್ಲೂ ಒಂದೇ ಥರ ಬದಲಾದದ್ದು ಯಾವುದೋ ಅದು ಬಿಲ್ಲೆಯದು. ನಮ್ಮ ಕಸುಬಿನಲ್ಲಿ ಬರೆದವನೇ ತನ್ನ ಕೋಡನ್ನು ಪಾಸ್ ಮಾಡೋ ಹಾಗಿಲ್ಲ, ಇನ್ನೊಬ್ಬರು ನೋಡಲೇಬೇಕು. ಕೈಗವಸಿನ ವಿಡಿಯೋಗೂ ಕೋಪನ್‌ಹೇಗನ್ನಿಗೂ ಇರುವ ವ್ಯತ್ಯಾಸ ದುಬಾರಿ ಯಂತ್ರದ್ದಲ್ಲ, ಈ ಶಿಸ್ತಿನದು.

ನಮ್ಮಲ್ಲಿಯೂ ಇಂಥ ಶಿಸ್ತಿನ ಒಂದು ಉದಾಹರಣೆ ಇದೆ. 1929ರಲ್ಲಿ ಗಾಂಧೀಜಿಯ ಅಖಿಲ ಭಾರತ ಚರಕಾ ಸಂಘ ಒಳ್ಳೆಯ ರಾಟೆಗೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಆ ಷರತ್ತುಗಳಲ್ಲಿ ರಾಟೆ ಯಾವ ಆಕಾರದಲ್ಲಿರಬೇಕು ಅನ್ನುವ ಮಾತಿಲ್ಲ. ಹಳ್ಳಿಯ ಗುಡಿಸಲಲ್ಲಿ ಕೈಯಿಂದಲೋ ಕಾಲಿಂದಲೋ ನಡೆಯಬೇಕು, ಹೆಂಗಸೊಬ್ಬಳು ಹೆಚ್ಚು ದಣಿಯದೆ 8 ಗಂಟೆ ಕೆಲಸ ಮಾಡುವಂತಿರಬೇಕು, ಅಷ್ಟರಲ್ಲಿ 16,000 ಗಜ ನೂಲು ಬರಬೇಕು, ಬೆಲೆ 150 ರೂಪಾಯಿ ದಾಟಬಾರದು, 20 ವರ್ಷ ಬಾಳಬೇಕು. ಬಹುಮಾನ ಯಾರಿಗೂ ಸಿಗಲಿಲ್ಲ. ಆದರೆ ಷರತ್ತು ಬರೆದ ರೀತಿ ನೋಡಿ. ಸಾಧನವನ್ನು ಕೆಲಸದಿಂದ, ಕೆಲಸ ಮಾಡುವವಳ ಮೈಯಿಂದ, ಬರುವ ನೂಲಿನಿಂದ ಅಳೆದಿದ್ದಾರೆ. ಫೋಟೋದಲ್ಲಿ ಹೇಗೆ ಕಾಣುತ್ತೆ ಅನ್ನೋದರಿಂದಲ್ಲ.

ಇಷ್ಟೆಲ್ಲ ಹೇಳಿದ್ದು ಪ್ರಿಂಟರ್ ಎತ್ತಿಡಿ ಅನ್ನೋದಕ್ಕಲ್ಲ. ಮ್ಯೂಸಿಯಮ್ಮಿನ ಗಾಜಿನ ಹಿಂದಿನ ವಸ್ತುವನ್ನು ಯಾರೂ ನಮ್ಮ ಕೈಗೆ ಕೊಡಲ್ಲ. ಅದರ ನಕಲನ್ನು ಒಂದು ಶಾಲೆಯ ಮಕ್ಕಳು ಬೀಳಿಸಬಹುದು, ಮುರಿಯಬಹುದು, ಮತ್ತೊಂದು ಮಾಡಿಕೊಳ್ಳಬಹುದು. ಹತ್ತು ಥರದ ಬಿಲ್ಲೆ ಹತ್ತು ತೂಕದಲ್ಲಿ ಒಂದೇ ರಾತ್ರಿಗೆ ಮಾಡಿ ಹೋಲಿಸಿ ನೋಡೋದು ಹಿಂದೆ ಯಾರಿಗೆ ಸಾಧ್ಯವಿತ್ತು? ಆ ಗೋಳವನ್ನು ಕೈಯಲ್ಲಿ ಹಿಡಿದು ಹೆಣೆದು ನೋಡಿದ್ದರಿಂದಲೇ ಅಲ್ಲವೇ ತೂತಿಗೆ ಕೆಲಸವಿಲ್ಲ ಅಂತ ನಮಗೆ ಬೇಗ ಗೊತ್ತಾಗಿದ್ದು? ಪ್ರಿಂಟರ್ ಒಂದು ಊಹೆಯನ್ನು ಕೆಡವೋಕೆ ಬಹಳ ಒಳ್ಳೆಯ ಸಾಧನ. ನಾವು ಅದನ್ನು ಊಹೆ ಕಟ್ಟೋಕೆ ಮಾತ್ರ ಬಳಸ್ತಾ ಇದೀವಿ.

ಹಾಗಾಗಿ ಇಂಥ ಫೈಲು ಮಾಡುವವರ ಹತ್ತಿರ ನನ್ನ ಬೇಡಿಕೆ ಸಣ್ಣದು. ಮೂಲ ವಸ್ತು ಯಾವುದರಲ್ಲಿ ಮಾಡಿದ್ದು, ಎಷ್ಟು ಗ್ರಾಂ ಇತ್ತು ಬರೆಯಿರಿ. ಪ್ಲಾಸ್ಟಿಕ್ಕಿನಲ್ಲಿ ಆ ತೂಕ ಬರಲ್ಲ ಅಂತಾದರೆ ಬಿಲ್ಲೆಯನ್ನೇ ಪ್ರಿಂಟ್ ಮಾಡುವ ಬದಲು ಎರಡು ಹೋಳಿನ ಅಚ್ಚನ್ನು ಪ್ರಿಂಟ್ ಮಾಡಿ, ಅದರಲ್ಲಿ ಜೇಡಿಮಣ್ಣು ಒತ್ತಿ ತೆಗೆಯಿರಿ. ಒಣಗಿ ಸುಟ್ಟಾಗ ಮಣ್ಣು ಕುಗ್ಗುತ್ತೆ, ಅಚ್ಚು ಅಷ್ಟು ದೊಡ್ಡದಿರಲಿ. ಯಾವ ನಾರಿನಲ್ಲಿ ನೂತು ನೋಡಿದಿರಿ, ಯಾರು ನೂತರು, ಅವರಿಗೆ ಎಷ್ಟು ವರ್ಷದ ಅನುಭವ, ಬಂದ ಎಳೆ ಹೇಗಿತ್ತು, ಇಷ್ಟನ್ನು ಫೋಟೋ ಪಕ್ಕ ನಾಲ್ಕು ಸಾಲಿನಲ್ಲಿ ಹಾಕಿ. ನೂಲದೆ ಇದ್ದರೆ 'ಇನ್ನೂ ನೂತು ನೋಡಿಲ್ಲ' ಅಂತ ಬರೆಯಿರಿ, ಅದರಲ್ಲಿ ಅವಮಾನ ಏನೂ ಇಲ್ಲ.

ಮತ್ತೆ, ನೂತು ನೋಡೋಕೆ ಜನ ಬೇಕಾದರೆ ತುಂಬಾ ದೂರ ಹೋಗಬೇಕಾಗಿಲ್ಲ. ಚಳ್ಳಕೆರೆ ಕಡೆ ಕಂಬಳಿಗೆ ಉಣ್ಣೆ ನೂಲುವವರು, ಹಾಸಿಗೆ ಹುಣಸೆ ಬೀಜದ ಸರಿ ಹಚ್ಚಿ ಕುಣಿ ಮಗ್ಗದಲ್ಲಿ ನೇಯುವವರು ಇನ್ನೂ ಇದ್ದಾರೆ. ಅವರ ಹತ್ತಿರ ನಿಮ್ಮ ವೈಕಿಂಗ್ ಬಿಲ್ಲೆ ತಗೊಂಡು ಹೋಗಿ, ಅವರ ಸಮಯಕ್ಕೆ ಕೂಲಿ ಕೊಟ್ಟು, ನೂತು ಕೊಡಿ ಅಂತ ಕೇಳಿ. ಅವರು ಏನಂದರೋ ಅದನ್ನು ಅವರ ಹೆಸರು ಹಾಕಿ ಬರೆಯಿರಿ. ಸಾವಿರ ವರ್ಷ ಹಿಂದೆ ನೂತವರ ಕೈ ನಮಗೆ ಇನ್ನು ಸಿಗಲ್ಲ. ಇವರ ಕೈ ಇನ್ನು ಹತ್ತಿಪ್ಪತ್ತು ವರ್ಷ ಸಿಗಬಹುದು.